ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ತೊಟ್ಟಿಯಲ್ಲಿ ಆಕ್ಟೋಪಸ್

ಕಳೆದ ಸಂಚಿಕೆಯಲ್ಲಿ ಸಮುದ್ರದ ನೀರಿನ ಅಕ್ವೇರಿಯಂ ಕುರಿತು ಉತ್ತರಿಸುವಾಗ ಆಕ್ಟೋಪಸ್‌ನ ಹೆಸರು ಒಂದು ಸಾಲಿನಲ್ಲಿ ಬಂದುಹೋಗಿತ್ತು. ಆ ಒಂದು ಸಾಲನ್ನು ಹಿಡಿದು ಅನೇಕ ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪ್ರಾಣಿಗೇ ಮೀಸಲಿಟ್ಟಿದ್ದೇನೆ. ಎರಡು ಚುಕ್ಕೆಯ ಆಕ್ಟೋಪಸ್ ಒಂದನ್ನು ಹನ್ನೊಂದು ತಿಂಗಳ ಕಾಲ ಸಾಕಿದವನು ನಾನು. ಅದರೊಂದಿಗೆ ಕಳೆದ ದಿನಗಳಲ್ಲಿ ಕಂಡದ್ದು ಈ ಉತ್ತರಗಳಲ್ಲಿ ಅಲ್ಲಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ 80 ಲೀಟರಿನ ಸಿಹಿನೀರಿನ ತೊಟ್ಟಿಯಿದ್ದು, ಮೂರು ವರ್ಷಗಳಿಂದ ಗೋಲ್ಡ್ ಫಿಶ್ ಸಾಕುತ್ತಿದ್ದೇವೆ. ಆಕ್ಟೋಪಸ್ ಜಾಡಿಯ ಮುಚ್ಚಳವನ್ನು ತಿರುಗಿಸಿ ತೆಗೆಯುವ ವಿಡಿಯೊ ನೋಡಿದಂದಿನಿಂದ ನನ್ನ ಹನ್ನೆರಡು ವರ್ಷದ ಮಗ ಅದೇ ಬೇಕೆಂದು ಹಠ ಹಿಡಿದಿದ್ದಾನೆ. ಹೋದ ವರ್ಷ ಮೀನುಗಳಿಗೆ ಬಿಳಿಚುಕ್ಕೆ ರೋಗ ಬಂದಾಗ ತಾಮ್ರವಿರುವ ಔಷಧ ಹಾಕಿದ್ದೆವು, ಈಗ ಎಲ್ಲವೂ ಚೆನ್ನಾಗಿವೆ. ಇದೇ ತೊಟ್ಟಿಗೆ ಉಪ್ಪು ಬೆರೆಸಿ ಆಕ್ಟೋಪಸ್ ತರಬಹುದೇ?

ಉತ್ತರ: ದಯವಿಟ್ಟು ತರಬೇಡಿ. ನಿಮ್ಮ ಪತ್ರದಲ್ಲಿರುವ ತಾಮ್ರದ ಮಾತೊಂದೇ ಈ ಉತ್ತರಕ್ಕೆ ಸಾಕು. ಮೀನು ತಾಳಿಕೊಳ್ಳುವಷ್ಟು ತಾಮ್ರ ಆಕ್ಟೋಪಸ್‌ಗೆ ವಿಷ. ಒಮ್ಮೆ ಹಾಕಿದ ತಾಮ್ರವು ಗಾಜಿನ ಸಂದಿಯ ಸಿಲಿಕೋನ್, ಜಲ್ಲಿ, ಕಲ್ಲುಗಳಲ್ಲಿ ಸೇರಿಕೊಂಡು, ನೀರು ಎಷ್ಟು ಸಲ ಬದಲಿಸಿದರೂ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುತ್ತದೆ. ಆದ್ದರಿಂದ ಅಂಥ ತೊಟ್ಟಿಯನ್ನೂ ಅದರೊಳಗಿನ ಸಾಮಗ್ರಿಯನ್ನೂ ಈ ಪ್ರಾಣಿಗೆ ಎಂದಿಗೂ ಬಳಸಬಾರದು. ಹಿತ್ತಾಳೆಯ ನಲ್ಲಿ, ತಾಮ್ರದ ಕೊಳವೆಗಳ ಮೂಲಕ ಬರುವ ನೀರಿನಲ್ಲಿಯೂ ಇದೇ ಅಪಾಯವಿರುವುದರಿಂದ, ಆರ್‌ಓ ಯಂತ್ರದಲ್ಲಿ ಶುದ್ಧಗೊಂಡ ನೀರಿಗೆ ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪನ್ನು ಬೆರೆಸಿಕೊಳ್ಳಬೇಕು. ಅಡುಗೆ ಉಪ್ಪು ಇದಕ್ಕೆ ಬರುವುದಿಲ್ಲ.

ತಾಮ್ರದ ಪ್ರಶ್ನೆ ಇಲ್ಲದಿದ್ದರೂ 80 ಲೀಟರ್ ಸಾಲದು. ನಡುಗಾತ್ರದ ಒಂದು ಆಕ್ಟೋಪಸ್‌ಗೆ ಕಡಿಮೆಯೆಂದರೂ 200 ಲೀಟರಿನ ತೊಟ್ಟಿ ಬೇಕು, ಇನ್ನೂ ದೊಡ್ಡದಾದಷ್ಟು ಒಳ್ಳೆಯದು. ಅದು ಓಡಾಡಲು ಜಾಗ ಬೇಕೆಂಬುದು ಒಂದು ಕಾರಣ. ನೀರು ಬೇಗ ಕೆಡುತ್ತದೆಂಬುದು ಅದಕ್ಕಿಂತ ದೊಡ್ಡ ಕಾರಣ. ಮಾಂಸವನ್ನೇ ತಿಂದು ಬಹುಬೇಗ ಬೆಳೆಯುವ ಈ ಪ್ರಾಣಿ ಅಷ್ಟೇ ತೂಕದ ಮೀನಿಗಿಂತ ಬಹಳ ಹೆಚ್ಚು ಅಮೋನಿಯಾವನ್ನು ನೀರಿಗೆ ಬಿಡುತ್ತದೆ, ಹೆದರಿದರೆ ಮಸಿಯನ್ನೂ ಉಗುಳುತ್ತದೆ. ಈ ಹೊರೆಯನ್ನು ಹೊರಲು ದೊಡ್ಡ ಫಿಲ್ಟರ್, ನೀರಿನಲ್ಲಿ ಕರಗಿದ ಕೊಳೆಯನ್ನು ನೊರೆಯಾಗಿ ಎತ್ತಿಹಾಕುವ ಪ್ರೋಟೀನ್ ಸ್ಕಿಮ್ಮರ್ ಎರಡೂ ಬೇಕು. ಜೊತೆಗೆ, ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳುಗಳಲ್ಲಿ ನೆಲೆಯೂರುವವರೆಗೆ ತೊಟ್ಟಿಯನ್ನು ಆಕ್ಟೋಪಸ್ ಇಲ್ಲದೆಯೇ ನಡೆಸಬೇಕು; ಇದಕ್ಕೆ ನಾನು ಕೊಡುವ ಕನಿಷ್ಠ ಅವಧಿ ಮೂರು ತಿಂಗಳು. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಲ್ಲಿ, ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.026ರೊಳಗೆ, ಪಿಎಚ್ 8.1ರ ಆಸುಪಾಸಿನಲ್ಲಿ ವಾರಗಟ್ಟಲೆ ಕದಲದೆ ನಿಂತ ಮೇಲೆ ಪ್ರಾಣಿಯ ಮಾತು.

ಇನ್ನು ಗಾಳಿ ಮತ್ತು ತಂಪು. ಆಕ್ಟೋಪಸ್‌ನ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣದ ಹಿಮೋಗ್ಲೋಬಿನ್ ಅಲ್ಲ, ತಾಮ್ರದ ಹೀಮೋಸಯನಿನ್. ಅದರ ರಕ್ತ ನೀಲಿಯಾಗಿರುವುದು ಇದರಿಂದಲೇ. ನೀರಿನಲ್ಲಿರುವ ತಾಮ್ರ ಕೊಲ್ಲುವ ಪ್ರಾಣಿಗೆ ರಕ್ತದೊಳಗಿನ ತಾಮ್ರವೇ ಜೀವಾಧಾರ ಎಂಬುದು ನನಗೆ ಇಂದಿಗೂ ಬೆರಗು. ಆದರೆ ಈ ರಕ್ತ ನಮ್ಮ ರಕ್ತದಷ್ಟು ಆಮ್ಲಜನಕವನ್ನು ಹೊರಲಾರದು. ಮೂರು ಹೃದಯಗಳಿದ್ದರೂ ಅದು ಬೇಗ ದಣಿಯುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುವುದರಿಂದ ಬಿಸಿನೀರು ಎರಡು ಪಟ್ಟು ಕಷ್ಟ. ಕ್ಯಾಲಿಫೋರ್ನಿಯಾದ ಕರಾವಳಿಯ ಎರಡು ಚುಕ್ಕೆಯ ಆಕ್ಟೋಪಸ್‌ಗೆ 15ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತವೆನಿಸುತ್ತದೆ. ಕೋಣೆ ಅದಕ್ಕಿಂತ ಬೆಚ್ಚಗಿದ್ದರೆ ನೀರನ್ನು ತಂಪಾಗಿಸುವ ಚಿಲ್ಲರ್ ಅನಿವಾರ್ಯ. ವಿದ್ಯುತ್ ಹೋದಾಗ ನಡೆಯುವಂತೆ ಬ್ಯಾಟರಿಯ ಗಾಳಿ ಪಂಪ್ ಒಂದು ಕೈಗೆ ಸಿಗುವಲ್ಲಿ ಇರಲಿ.

ನಿಮ್ಮ ಮಗನ ಆಸೆಯನ್ನು ಚಿವುಟಬೇಡಿ. ಹೊಸ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿ ಸನ್ಯಾಸಿ ಏಡಿಗಳನ್ನೂ ಒಂದೆರಡು ಗಟ್ಟಿಮುಟ್ಟಾದ ಮೀನುಗಳನ್ನೂ ಸಾಕುವುದರಿಂದ ಅವನು ಆರಂಭಿಸಲಿ. ಪ್ರತಿವಾರ ನೀರನ್ನು ಪರೀಕ್ಷಿಸಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ಅವನದೇ ಆಗಿರಲಿ. ಒಂದು ವರ್ಷ ಆ ಪುಸ್ತಕದ ಪುಟಗಳು ತಪ್ಪದೆ ತುಂಬಿದರೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಅಂಗಡಿಯವರು ‘ಕಂದು ಆಕ್ಟೋಪಸ್’ ಎಂದಷ್ಟೇ ಹೇಳಿ ಮಾರುತ್ತಿದ್ದಾರೆ, ಜಾತಿ ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಜಾತಿ ತಿಳಿಯದ ಆಕ್ಟೋಪಸ್ ಅನ್ನು ಕೊಳ್ಳಬೇಡಿ. ಸುಮಾರು 300 ಜಾತಿಗಳಿರುವ ಈ ಗುಂಪಿನಲ್ಲಿ ಅಂಗೈಯಗಲದ ಮರಿಯೊಂದು ಮುಂದೆ ಅಷ್ಟರಲ್ಲೇ ನಿಲ್ಲಬಹುದು, ಇಲ್ಲವೇ ಮೀಟರ್ ಉದ್ದದ ತೋಳುಗಳನ್ನು ಚಾಚಬಹುದು. ಅದಕ್ಕೆ ತಂಪು ನೀರು ಬೇಕೋ ಬೆಚ್ಚನೆಯದೋ, ಅದು ಹಗಲಿನಲ್ಲಿ ಹೊರಬರುತ್ತದೆಯೋ ರಾತ್ರಿಯೋ ಎಂಬುದೆಲ್ಲ ಜಾತಿಯನ್ನು ಅವಲಂಬಿಸಿದೆ. ಕೆರಿಬಿಯನ್ ಬಂಡೆಗಳ ಆಕ್ಟೋಪಸ್ ರಾತ್ರಿಯ ಪ್ರಾಣಿ. ಅದನ್ನು ತಂದವರು ಹಗಲೆಲ್ಲ ಖಾಲಿ ತೊಟ್ಟಿಯನ್ನೇ ನೋಡುತ್ತ ಕೂರಬೇಕಾಗುತ್ತದೆ. ರಾತ್ರಿ ಮಂದವಾದ ಕೆಂಪು ಬೆಳಕನ್ನಿಟ್ಟರೆ ಅದಕ್ಕೆ ಹೆಚ್ಚು ತೊಂದರೆಯಾಗದೆ ನಮಗೆ ಕಾಣಿಸುತ್ತದೆ.

ಇದಕ್ಕಿಂತ ಗಂಭೀರವಾದ ಕಾರಣ ನೀಲಿಯುಂಗುರದ ಆಕ್ಟೋಪಸ್. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಈ ಪ್ರಾಣಿಯ ಜೊಲ್ಲಿನಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷವಿದೆ. ಅದು ಕಚ್ಚಿದ್ದು ಗೊತ್ತಾಗದೆಯೂ ಹೋಗಬಹುದು. ನಂತರ ಮೈಯ ಸ್ನಾಯುಗಳು ಸ್ತಬ್ಧಗೊಂಡು ಉಸಿರಾಟ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ, ವಿಷ ಇಳಿಯುವವರೆಗೆ ಕೃತಕವಾಗಿ ಉಸಿರಾಡಿಸುವುದೊಂದೇ ದಾರಿ. ಸುಮ್ಮನೆ ಕುಳಿತಾಗ ಅದು ಮಾಸಲು ಹಳದಿ ಅಥವಾ ಕಂದು ಬಣ್ಣದ್ದಾಗಿರುತ್ತದೆ. ನೀಲಿ ಉಂಗುರಗಳು ಹೊಳೆಯುವುದು ಕೆಣಕಿದಾಗ. ಹೀಗಾಗಿ ‘ಕಂದು’ ಎಂಬ ಹೆಸರು ಏನನ್ನೂ ಹೇಳುವುದಿಲ್ಲ. ಈ ಜಾತಿಯನ್ನು, ಎಷ್ಟೇ ಅನುಭವಿಯಾಗಿದ್ದರೂ, ಯಾರೂ ಮನೆಯಲ್ಲಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಪ್ರಾಣಿಗಳ ವೇಷ ಹಾಕುವ ಮಿಮಿಕ್ ಆಕ್ಟೋಪಸ್‌ನ ವಿಷಯದಲ್ಲಿಯೂ ನಾನು ಬೇಡವೆನ್ನುತ್ತೇನೆ, ಆದರೆ ಬೇರೆ ಕಾರಣಕ್ಕೆ: ಅದು ಸೆರೆಯಲ್ಲಿ ಚೆನ್ನಾಗಿ ಬಾಳುವ ಜಾತಿಯಲ್ಲ.

ಸಾಧ್ಯವಾದರೆ ಸೆರೆಯಲ್ಲೇ ಹುಟ್ಟಿದ ಮರಿಯನ್ನು ಹುಡುಕಿ. ಅದರ ವಯಸ್ಸು ನಿಮಗೆ ಗೊತ್ತಿರುತ್ತದೆ. ವರ್ಷ ಒಂದೂವರೆ ವರ್ಷ ಬಾಳುವ ಪ್ರಾಣಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಆಕ್ಟೋಪಸ್ ತೊಟ್ಟಿಯಿಂದ ತಪ್ಪಿಸಿಕೊಳ್ಳುತ್ತದೆಂದು ಕೇಳಿದ್ದೇನೆ. ಗಾಜಿನ ಹಲಗೆಯೊಂದನ್ನು ಮೇಲೆ ಮುಚ್ಚಿ, ಅದರ ಮೇಲೆ ಭಾರವಾದ ಪುಸ್ತಕಗಳನ್ನಿಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ಆಕ್ಟೋಪಸ್‌ನ ಮೈಯಲ್ಲಿ ಮೂಳೆಯಿಲ್ಲ, ಗಟ್ಟಿಯಾದ ಮುಖ್ಯ ಭಾಗವೆಂದರೆ ಗಿಳಿಯ ಕೊಕ್ಕಿನಂಥ ಅದರ ಬಾಯಿ. ಆ ಕೊಕ್ಕು ತೂರಿದ ಸಂದಿಯಲ್ಲಿ ಉಳಿದ ಮೈ ಹೇಗೋ ತೂರುತ್ತದೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ನಗರದ ರಾಷ್ಟ್ರೀಯ ಅಕ್ವೇರಿಯಂನಲ್ಲಿದ್ದ ಇಂಕಿ ಎಂಬ ಆಕ್ಟೋಪಸ್, ತೊಟ್ಟಿಯ ಮೇಲ್ಭಾಗದಲ್ಲಿ ಉಳಿದಿದ್ದ ಚಿಕ್ಕ ಸಂದಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ನೀರಿನ ಕೊಳವೆಯೊಳಗೆ ಇಳಿದು ಸಮುದ್ರ ಸೇರಿತು. 2009ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಅಕ್ವೇರಿಯಂನಲ್ಲಿ ಎರಡು ಚುಕ್ಕೆಯ ಚಿಕ್ಕ ಆಕ್ಟೋಪಸ್ ಒಂದು ರಾತ್ರಿ ನೀರಿನ ಕವಾಟವನ್ನು ಕಿತ್ತು 750 ಲೀಟರಿನಷ್ಟು ಸಮುದ್ರದ ನೀರನ್ನು ನೆಲಕ್ಕೆ ಹರಿಸಿತ್ತು. ಮನೆಯ ನೆಲದಲ್ಲಿ ಸಮುದ್ರಕ್ಕೆ ಹೋಗುವ ಕೊಳವೆಯಿಲ್ಲ. ತಪ್ಪಿಸಿಕೊಂಡ ಪ್ರಾಣಿ ಬೆಳಿಗ್ಗೆ ಕಪಾಟಿನ ಹಿಂದೆ ಒಣಗಿ ಸಿಗುತ್ತದೆ.

ಪುಸ್ತಕಗಳ ಬದಲು ನಾಲ್ಕೂ ಬದಿಗೆ ಕೊಂಡಿಗಳಿರುವ ಅಕ್ರಿಲಿಕ್ ಮುಚ್ಚಳ ಮಾಡಿಸಿ. ಗಾಳಿಯಾಡಲು ಅಲ್ಲಲ್ಲಿ ಕೊರೆದ ಸಣ್ಣ ತೂತುಗಳಿಗೆ ಬಿಗಿಯಾದ ಪ್ಲಾಸ್ಟಿಕ್ ಜಾಲರಿ ಹಾಕಿಸಿ, ಕೊಳವೆ ಮತ್ತು ವೈರುಗಳು ಹಾದುಹೋಗುವ ಸಂದಿಗಳಿಗೆ ಸ್ಪಂಜನ್ನು ಒತ್ತಿ ತುಂಬಿ. ತೊಟ್ಟಿಯ ಅಂಚಿಗೆ ಪ್ಲಾಸ್ಟಿಕ್ ಹುಲ್ಲಿನ ಪಟ್ಟಿ ಅಂಟಿಸುವ ರೂಢಿ ಸಾರ್ವಜನಿಕ ಅಕ್ವೇರಿಯಂಗಳಲ್ಲಿದೆ. ಅದರ ಒರಟು ಮೈಯ ಮೇಲೆ ಆಕ್ಟೋಪಸ್‌ನ ತೋಳುಗಳಲ್ಲಿರುವ ಹೀರುಬಟ್ಟಲುಗಳಿಗೆ ಹಿಡಿತ ಸಿಗುವುದಿಲ್ಲ. ಒಳಗಿನ ಪಂಪಿನ ಬಾಯಿಗೂ ಸ್ಪಂಜು ಕಟ್ಟುವುದನ್ನು ಮರೆಯಬೇಡಿ. ತೋಳಿನ ತುದಿಯನ್ನು ಎಲ್ಲಾ ಸಂದಿಗಳಿಗೂ ತೂರಿಸಿ ನೋಡುವುದು ಅದರ ಸ್ವಭಾವವಾದ್ದರಿಂದ, ತಿರುಗುವ ಪಂಪಿಗೆ ಸಿಕ್ಕಿ ತೋಳು ಹರಿಯುವುದುಂಟು. ಮುಚ್ಚಳವನ್ನು ತೆಗೆದು ಹಾಕುವವರು ಮನೆಯಲ್ಲಿ ಒಬ್ಬರೇ ಇದ್ದರೆ ಉತ್ತಮ. ಬೇರೆಯವರು ಹಾಕಿರುತ್ತಾರೆಂದು ಇಬ್ಬರೂ ಅಂದುಕೊಂಡ ರಾತ್ರಿಯೇ ಕೊಂಡಿ ತೆರೆದಿರುತ್ತದೆ.

ಪ್ರಶ್ನೆ: ತೊಟ್ಟಿಯ ನೀರಿನಲ್ಲಿ ಗುಂಡಗಿನ, ಪಾರದರ್ಶಕವಾದ ತೆಳು ಬಿಲ್ಲೆಗಳು ತೇಲುತ್ತಿವೆ. ಯಾವುದಾದರೂ ರೋಗವೇ?

ಉತ್ತರ: ರೋಗವಲ್ಲ. ಹೀರುಬಟ್ಟಲುಗಳ ಒಳಪದರ ಆಗಾಗ ಪೊರೆಯಂತೆ ಕಳಚಿ ಹೊಸದು ಬರುತ್ತದೆ. ಆಕ್ಟೋಪಸ್ ತೋಳುಗಳನ್ನು ಒಂದಕ್ಕೊಂದು ಹೊಸೆದು ಆ ಪೊರೆಗಳನ್ನು ಉದುರಿಸುವುದನ್ನು ನೀವೇ ನೋಡಬಹುದು. ಫಿಲ್ಟರಿನ ಬಾಯಿಗೆ ಅಂಟಿಕೊಂಡವನ್ನು ತೆಗೆದುಹಾಕಿ, ಸಾಕು.

ಪ್ರಶ್ನೆ: ಆಹಾರವೇನು? ಒಂಟಿಯಾಗಿ ಬೇಸರವಾಗದಂತೆ ಜೊತೆಗೆ ಇನ್ನೊಂದು ಆಕ್ಟೋಪಸ್ ಅಥವಾ ಬಣ್ಣದ ಮೀನುಗಳನ್ನು ಬಿಡಬಹುದೇ?

ಉತ್ತರ: ಏಡಿ, ಸಿಗಡಿ, ಕಪ್ಪೆಚಿಪ್ಪು ಇದರ ಮುಖ್ಯ ಆಹಾರ. ಹೊಸದಾಗಿ ಬಂದ ಪ್ರಾಣಿ ಮೊದಲ ಕೆಲವು ದಿನ ಜೀವಂತ ಏಡಿಯನ್ನಷ್ಟೇ ಮುಟ್ಟಬಹುದು. ಕ್ರಮೇಣ, ಹಿಮಗಟ್ಟಿಸಿ ಕರಗಿಸಿದ ಸಿಗಡಿಯನ್ನು ಚಿಮ್ಮಟದ ತುದಿಯಲ್ಲಿ ಹಿಡಿದು ಅಲುಗಿಸಿದರೆ ತೆಗೆದುಕೊಳ್ಳುವುದನ್ನು ಕಲಿಯುತ್ತದೆ. ಮರಿಗಳಿಗೆ ದಿನವೂ ಆಹಾರ ಬೇಕು. ಸಿಹಿನೀರಿನ ಮೀನುಗಳನ್ನು ಆಹಾರವಾಗಿ ಹಾಕಬೇಡಿ, ಅವುಗಳಲ್ಲಿ ಇದಕ್ಕೆ ಬೇಕಾದ ಪೋಷಣೆಯಿಲ್ಲ.

ನನ್ನಲ್ಲಿದ್ದ ಪ್ರಾಣಿ ಕಲ್ಲಿನ ಗೂಡಿನ ಬಾಗಿಲಲ್ಲಿ ಪ್ರತಿದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಚಿಪ್ಪುಗಳನ್ನು ಹೊರಗೆ ರಾಶಿ ಹಾಕಿರುತ್ತಿತ್ತು. ಏಡಿಯ ಬೆನ್ನಿನ ಚಿಪ್ಪು ತೊಳೆದಿಟ್ಟಂತೆ ಖಾಲಿಯಾಗಿದ್ದರೆ, ಬಾಯಿ ತೆರೆಯಲು ಒಪ್ಪದ ಕಪ್ಪೆಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ತೂತು ಇರುತ್ತಿತ್ತು. ಅಲ್ಲಿ ಕೊರೆದು, ಒಳಗೆ ವಿಷದ ಜೊಲ್ಲನ್ನು ಬಿಟ್ಟು, ಒಳಗಿನ ಪ್ರಾಣಿಯ ಸ್ನಾಯು ಸಡಿಲವಾದ ಮೇಲೆ ಚಿಪ್ಪನ್ನು ಬಿಡಿಸುತ್ತದೆ. ಆ ರಾಶಿಯನ್ನು ದಿನವೂ ತೆಗೆಯಬೇಕು, ಇಲ್ಲವಾದರೆ ಉಳಿದ ಚೂರುಗಳು ಕೊಳೆತು ನೀರು ಕೆಡುತ್ತದೆ. ರಾಶಿ ಚಿಕ್ಕದಾಗುತ್ತ ಬಂದರೆ ಪ್ರಾಣಿಗೆ ಏನೋ ಆಗಿದೆಯೆಂದು ನಮಗೆ ಸಿಗುವ ಮೊದಲ ಸುಳಿವೂ ಅದೇ.

ಜೊತೆಯ ವಿಷಯದಲ್ಲಿ ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಇದು ಸ್ವಭಾವತಃ ಒಂಟಿಯಾಗಿ ಬಾಳುವ ಪ್ರಾಣಿ. ಎರಡು ಆಕ್ಟೋಪಸ್‌ಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಒಂದು ಇನ್ನೊಂದನ್ನು ತಿನ್ನುವ ಸಂಭವವೇ ಹೆಚ್ಚು. ಮೀನುಗಳು ಒಂದೊಂದಾಗಿ ಕಾಣೆಯಾಗುತ್ತವೆ. ಸಮುದ್ರ ಹೂವುಗಳೆಂಬ ಕುಟುಕುವ ಪ್ರಾಣಿಗಳು ಆಕ್ಟೋಪಸ್‌ನ ಮೆತ್ತನೆಯ ಚರ್ಮಕ್ಕೆ ಗಾಯ ಮಾಡುತ್ತವೆ. ತೊಟ್ಟಿ ಅದೊಂದರದೇ ಆಗಿರಲಿ.

ಪ್ರಶ್ನೆ: ಇಷ್ಟು ಬುದ್ಧಿಯಿರುವ ಪ್ರಾಣಿ ತನ್ನನ್ನು ಸಾಕಿದವರನ್ನು ಗುರುತಿಸುತ್ತದೆಯೇ? ಗುರುತಿಸುವುದಾದರೆ ಅದನ್ನು ಗಾಜಿನೊಳಗೆ ಕೂಡಿಹಾಕುವುದು ನ್ಯಾಯವೇ?

ಉತ್ತರ: ಮೊದಲ ಪ್ರಶ್ನೆಗೆ ಹೌದೆಂದು ಧೈರ್ಯವಾಗಿ ಹೇಳಬಹುದು. ಅಮೆರಿಕದ ಸಿಯಾಟಲ್ ಅಕ್ವೇರಿಯಂನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ರೀತಿಯ ಸಮವಸ್ತ್ರ ಧರಿಸಿದ ಇಬ್ಬರಲ್ಲಿ ಒಬ್ಬರು ದೈತ್ಯ ಪೆಸಿಫಿಕ್ ಆಕ್ಟೋಪಸ್‌ಗಳಿಗೆ ಆಹಾರ ಕೊಡುತ್ತಿದ್ದರು, ಇನ್ನೊಬ್ಬರು ಒರಟು ತುದಿಯ ಕೋಲಿನಿಂದ ಮುಟ್ಟುತ್ತಿದ್ದರು. ಎರಡು ವಾರಗಳಲ್ಲಿ ಪ್ರಾಣಿಗಳು ಮೊದಲನೆಯವರತ್ತ ಬರತೊಡಗಿದವು, ಎರಡನೆಯವರನ್ನು ಕಂಡರೆ ದೂರ ಸರಿಯತೊಡಗಿದವು. ಅದೇ ಅಕ್ವೇರಿಯಂನಿಂದ 1999ರಲ್ಲಿ ವರದಿಯಾದ ಇನ್ನೊಂದು ಅಧ್ಯಯನದಲ್ಲಿ, ತೇಲುವ ಮಾತ್ರೆಯ ಡಬ್ಬಿಯನ್ನು ಕೊಟ್ಟಾಗ ಎಂಟು ಆಕ್ಟೋಪಸ್‌ಗಳಲ್ಲಿ ಎರಡು ಅದನ್ನು ನೀರು ಚಿಮ್ಮಿಸಿ ದೂರ ತಳ್ಳುವುದು, ಅದು ಹರಿವಿನಲ್ಲಿ ಮರಳಿ ಬಂದಾಗ ಮತ್ತೆ ತಳ್ಳುವುದು, ಹೀಗೆ ಚೆಂಡಾಟದಂತೆ ಆಡಿದ್ದವು.

ಎರಡನೆಯ ಪ್ರಶ್ನೆಯನ್ನು ನಾನು ತೊಟ್ಟಿಯ ಮುಂದೆ ಕುಳಿತು ಎಷ್ಟೋ ಸಂಜೆ ಕೇಳಿಕೊಂಡಿದ್ದೇನೆ. ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೆಯ ಎರಡು ಪಾಲು ತೋಳುಗಳಲ್ಲಿಯೇ ಇವೆ. ಹೀರುಬಟ್ಟಲುಗಳು ಮುಟ್ಟಿದ್ದನ್ನೆಲ್ಲ ರುಚಿ ನೋಡುತ್ತವೆ. ನೋವು ಕೂಡ ಅದಕ್ಕೆ ಬರಿಯ ಚುರುಕಲ್ಲ: ನೋವುಂಟಾದ ಜಾಗವನ್ನು ಅದು ನೆನಪಿಟ್ಟು ದೂರವಿಡುತ್ತದೆಂದು 2021ರ ಅಧ್ಯಯನವೊಂದು ತೋರಿಸಿತು, ಬ್ರಿಟನ್ 2022ರ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಆಕ್ಟೋಪಸ್ ಮತ್ತದರ ಬಂಧುಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿಕೊಂಡಿದೆ. ಇಂಥ ಪ್ರಾಣಿಗೆ ದಿನಕ್ಕೊಂದು ಗಂಟೆಯನ್ನಾದರೂ ಕೊಡಲಾರದವರು ಅದನ್ನು ತರುವುದು ಅನ್ಯಾಯವೆಂದೇ ನನ್ನ ತೀರ್ಮಾನ. ಬಂದವರಿಗೆ ತೋರಿಸಲೆಂದು ತರುವವರಿಗೂ ಇದೇ ಮಾತು ಹೇಳುತ್ತೇನೆ. ತಂದವರು ಕಲ್ಲುಗಳ ಜೋಡಣೆಯನ್ನು ಆಗಾಗ ಬದಲಿಸಲಿ, ಮುಚ್ಚಿದ ಜಾಡಿಯಲ್ಲಿ ಏಡಿಯನ್ನಿಟ್ಟು ಕೊಡಲಿ, ಬೇರೆಬೇರೆ ಆಕಾರದ ಆಟಿಕೆಗಳನ್ನು ಹಾಕಲಿ. ಅದಕ್ಕೆ ಬಣ್ಣಗಳ ಭೇದ ತಿಳಿಯದೆಂಬುದೇ ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯವಾದ್ದರಿಂದ ಆಟಿಕೆಯ ಬಣ್ಣಕ್ಕಿಂತ ಆಕಾರ, ಮೈಯ ಒರಟು ನುಣುಪುಗಳು ಮುಖ್ಯ.

ಕೈಯನ್ನು ನೀರಿಗೆ ಇಳಿಸುವ ಮೊದಲು ಸಾಬೂನಿನ ಅಂಶ ಉಳಿಯದಂತೆ ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದು ತಾನಾಗಿ ತೋಳು ಚಾಚಿ ಬೆರಳು ಹಿಡಿಯುವವರೆಗೆ ಕಾಯಿರಿ. ನಮ್ಮಲ್ಲಿ ಅದಕ್ಕೆ ಐದು ವಾರ ಹಿಡಿಯಿತು. ಮೊದಲ ದಿನ ಒಂದು ತೋಳಿನ ತುದಿ ಮಾತ್ರ ಬಂದು, ಹೀರುಬಟ್ಟಲುಗಳು ಒಂದರ ಹಿಂದೊಂದು ತಣ್ಣಗೆ ಅಂಟುತ್ತ ಉಗುರಿನಿಂದ ಮಣಿಕಟ್ಟಿನವರೆಗೆ ಏರಿ, ಬಂದ ದಾರಿಯಲ್ಲೇ ಒಂದೊಂದಾಗಿ ಬಿಡಿಸಿಕೊಂಡು ಹೋದವು. ಬಿಡದಿದ್ದಾಗ ಎಳೆದು ಕೀಳಬೇಡಿ. ಹೆದರಿ ಕಚ್ಚಿದರೆ ಬಾವು ಬರುತ್ತದೆ.

ಪ್ರಶ್ನೆ: ಎಂಟು ತಿಂಗಳಿಂದ ನಮ್ಮಲ್ಲಿರುವ ಹೆಣ್ಣು ಆಕ್ಟೋಪಸ್ ಮೂರು ವಾರದ ಹಿಂದೆ ಗೂಡಿನ ಮೇಲ್ಛಾವಣಿಗೆ ಮೊಟ್ಟೆಗಳನ್ನು ಅಂಟಿಸಿದೆ. ಗಂಡು ಇರಲೇ ಇಲ್ಲ. ಈಗ ಏಡಿಯನ್ನು ಕೊಟ್ಟರೂ ತಳ್ಳಿಬಿಡುತ್ತದೆ, ಮೈ ಬಿಳಿಚಿಕೊಂಡಿದೆ. ಮೊಟ್ಟೆಗಳನ್ನು ತೆಗೆದರೆ ಅದು ಉಳಿಯುತ್ತದೆಯೇ?

ಉತ್ತರ: ಉಳಿಯುವುದಿಲ್ಲ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಏಕೆಂದರೆ ನಿಮ್ಮ ಪತ್ರದ ಪ್ರತಿಯೊಂದು ಸಾಲನ್ನೂ ನಾನು ಒಮ್ಮೆ ನನ್ನ ತೊಟ್ಟಿಯಲ್ಲಿ ಕಂಡಿದ್ದೇನೆ. ಆದರೆ ನೀವು ಯಾವ ತಪ್ಪನ್ನೂ ಮಾಡಿಲ್ಲ. ಹೆಣ್ಣು ಆಕ್ಟೋಪಸ್ ಬದುಕಿನಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಮೊಟ್ಟೆಯಿಡುತ್ತದೆ. ಆಮೇಲೆ ಉಣ್ಣುವುದನ್ನು ಬಿಟ್ಟು, ಮೊಟ್ಟೆಗಳ ಮೇಲೆ ನೀರೂದುತ್ತ, ತೋಳಿನ ತುದಿಯಿಂದ ಅವನ್ನು ಸವರಿ ಪಾಚಿ ಕೂರದಂತೆ ನೋಡಿಕೊಳ್ಳುತ್ತ, ಅವು ಒಡೆಯುವ ಹೊತ್ತಿಗೆ ತಾನು ಸಾಯುತ್ತದೆ. ಗಂಡಿಗೂ ಇಂಥದೇ ಮುಪ್ಪು ಬರುತ್ತದೆ: ಹೊತ್ತಲ್ಲದ ಹೊತ್ತಿನಲ್ಲಿ ಗುರಿಯಿಲ್ಲದೆ ಅಲೆಯುತ್ತದೆ, ಚರ್ಮದ ಮೇಲೆ ಬಿಳಿಯ ಗಾಯಗಳಾಗುತ್ತವೆ.

ಇದನ್ನು ನಡೆಸುವುದು ಕಣ್ಣುಗಳ ಹಿಂದಿರುವ ದೃಷ್ಟಿಗ್ರಂಥಿ. 1977ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೆರೋಮ್ ವೊಡಿನ್‌ಸ್ಕಿ, ಮೊಟ್ಟೆಯಿಟ್ಟ ಹೆಣ್ಣುಗಳಿಂದ ಈ ಗ್ರಂಥಿಗಳನ್ನು ತೆಗೆದಾಗ ಅವು ಕಾವಲನ್ನು ಬಿಟ್ಟು, ಮತ್ತೆ ಉಣ್ಣತೊಡಗಿ, ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದರು. ಅದು ಪ್ರಯೋಗಾಲಯದ ಶಸ್ತ್ರಕ್ರಿಯೆಯೇ ಹೊರತು ಮನೆಯಲ್ಲಿ ಮಾಡುವ ಚಿಕಿತ್ಸೆಯಲ್ಲ. ಆದರೆ ಮೊಟ್ಟೆಯನ್ನು ತೆಗೆಯುವುದರಿಂದ ಏಕೆ ಪ್ರಯೋಜನವಿಲ್ಲವೆಂಬುದು ಅದರಿಂದ ತಿಳಿಯುತ್ತದೆ: ಗ್ರಂಥಿ ಈಗಾಗಲೇ ತನ್ನ ಕೆಲಸವನ್ನು ಆರಂಭಿಸಿದೆ. ತೆಗೆದರೆ ಅದರ ಕೊನೆಯ ಕೆಲಸವನ್ನು ಕಿತ್ತುಕೊಂಡಂತಾಗುತ್ತದೆ, ಅಷ್ಟೇ. ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ ಸುಮಾರು 1,400 ಮೀಟರ್ ಆಳದಲ್ಲಿ ಆಳಸಮುದ್ರದ ಆಕ್ಟೋಪಸ್ ಒಂದು ಒಂದೇ ಬಂಡೆಯ ಮೇಲೆ 53 ತಿಂಗಳು ಮೊಟ್ಟೆ ಕಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಗಂಡು ಇಲ್ಲದಿದ್ದರೂ ಮೊಟ್ಟೆಗಳು ಬಂಜೆಯೆಂದು ತಿಳಿಯಬೇಡಿ. ಸಮುದ್ರದಿಂದ ಹಿಡಿದ ಹೆಣ್ಣು ಮೊದಲೇ ಕೂಡಿದ್ದು, ವೀರ್ಯವನ್ನು ದೇಹದೊಳಗೆ ಕಾಪಿಟ್ಟುಕೊಂಡಿರಬಹುದು. ಕೆಲವು ವಾರಗಳ ನಂತರ ಮೊಟ್ಟೆಯೊಳಗೆ ಎರಡು ಕಪ್ಪು ಕಣ್ಣುಗಳು ಕಾಣಿಸಿದರೆ ಅವು ಫಲಿತಗೊಂಡಿವೆ. ಮೊಟ್ಟೆಗಳು ಒಂದು ಸೆಂಟಿಮೀಟರಿಗಿಂತ ಉದ್ದವಾಗಿದ್ದರೆ ಮರಿಗಳು ಹುಟ್ಟಿದ ಕೂಡಲೇ ತಳದಲ್ಲಿ ಓಡಾಡುವಂಥವಾಗಿರುತ್ತವೆ. ಅವಕ್ಕೆ ಜೀವಂತವಾದ ಸಣ್ಣ ಸಿಗಡಿಯಂಥ ಜೀವಿಗಳನ್ನು ಈಗಿನಿಂದಲೇ ಹೊಂದಿಸಿಕೊಳ್ಳಿ, ಒಂದನ್ನೊಂದು ತಿನ್ನದಂತೆ ಒಂದೊಂದನ್ನೂ ಬೇರೆ ಬಟ್ಟಲಿನಲ್ಲಿಡಿ. ಎರಡು ಮೂರು ಮಿಲಿಮೀಟರಿನ ಸಾವಿರಾರು ಮೊಟ್ಟೆಗಳಾಗಿದ್ದರೆ ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲುತ್ತ ಬೆಳೆಯುವ ಬಗೆಯವು. ಅವನ್ನು ಮನೆಯಲ್ಲಿ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ.

ತಾಯಿಗಾಗಿ ನೀವು ಮಾಡಬಹುದಾದದ್ದು ಇಷ್ಟು. ದೀಪವನ್ನು ಮಂದವಾಗಿಸಿ, ತೊಟ್ಟಿಯೊಳಗೆ ಕೈ ಹಾಕುವುದನ್ನು ಕಡಿಮೆ ಮಾಡಿ, ನೀರನ್ನು ಎಂದಿನಂತೆ ಶುಚಿಯಾಗಿಡಿ. ಎರಡು ದಿನಕ್ಕೊಮ್ಮೆ ಸಿಗಡಿಯ ಚೂರನ್ನು ಗೂಡಿನ ಬಾಯಿಗೆ ಹಿಡಿದು ನೋಡಿ, ಬೇಡವೆಂದರೆ ಹಿಂದೆ ತೆಗೆಯಿರಿ, ಬಲವಂತ ಬೇಡ. ಗಾಯಗಳು ಹೆಚ್ಚಿ, ತನ್ನ ತೋಳನ್ನೇ ಕಡಿದುಕೊಳ್ಳುವ ಹಂತ ಬಂದರೆ, ಜಲಚರಗಳನ್ನು ಬಲ್ಲ ಪಶುವೈದ್ಯರು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದಕ್ಕೆ ಅರಿವಳಿಕೆ ಕೊಟ್ಟು ನೋವಿಲ್ಲದ ಸಾವನ್ನು ಕೊಡಬಲ್ಲರು. ಅವರ ದೂರವಾಣಿ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಸತ್ತ ದೇಹ ಕೆಲವೇ ಗಂಟೆಗಳಲ್ಲಿ ನೀರನ್ನು ಕೆಡಿಸಿ ಮೊಟ್ಟೆಗಳಿಗೂ ಮುಳುವಾಗುವುದರಿಂದ ದಿನಕ್ಕೆ ಎರಡು ಮೂರು ಬಾರಿ ಗೂಡಿನ ಬಳಿ ಬಗ್ಗಿ ನೋಡಿ. ಉಸಿರಾಟಕ್ಕೆ ಮೈ ಉಬ್ಬಿ ತಗ್ಗುವುದು ಕಾಣುತ್ತಿದ್ದರೆ ಹಾಗೆಯೇ ಬಿಡಿ. ಅದು ಇನ್ನೂ ಕಾವಲಿನಲ್ಲಿದೆ.